ಬಣ್ಣ ಬದಲಿಸುವ ಅಧಿಕಾರ ಯಾರಿಗೆ?

ಓದುಗರ ಪತ್ರಗಳಲ್ಲಿ ಈಚೆಗೆ ಒಂದೇ ತೊಡಕು ಎರಡು ರೂಪದಲ್ಲಿ ಕಾಣಿಸಿಕೊಳ್ಳುತ್ತಿದೆ. ಕೆಲವರು ಕೇಳುತ್ತಾರೆ: “ನಮ್ಮ ಸಂಘದ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಎಡಿಟರ್ ಪಾತ್ರ ಕೊಟ್ಟಿದ್ದೇವೆ. ಯಾರ ಬರಹವನ್ನಾದರೂ ತಿದ್ದುತ್ತಾರೆ, ಪ್ರಕಟಿಸುತ್ತಾರೆ. ಆದರೆ ಮೆನುವಿಗೆ ಒಂದು ಹೊಸ ಪುಟ ಸೇರಿಸೋಣವೆಂದರೆ ಆ ಆಯ್ಕೆಯೇ ಅವರಿಗೆ ಕಾಣುವುದಿಲ್ಲವಲ್ಲ, ಏಕೆ?” ಇನ್ನು ಕೆಲವರ ಅಳಲು ಇದಕ್ಕೆ ತಿರುಗುಮುರುಗು: “ವಿನ್ಯಾಸಕ್ಕೆ ಕೈ ಹಾಕುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿಲ್ಲ. ಹಾಗಿದ್ದೂ ಒಂದು ಲೇಖನದ ತಲೆಬರಹ ಗುಲಾಬಿ, ಇನ್ನೊಂದರದು ಹಸಿರು, ಮತ್ತೊಂದರ ಅಕ್ಷರ ಅರ್ಧ ಪರದೆ ತುಂಬುವಷ್ಟು ದೊಡ್ಡದು. ಇದೆಲ್ಲ ಎಲ್ಲಿಂದ ಬರುತ್ತಿದೆ?”

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ವೆಬ್‌ಸೈಟಿನ ವಿನ್ಯಾಸ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಪದರಗಳಿವೆ. ಇಡೀ ತಾಣಕ್ಕೆ ಅನ್ವಯಿಸುವ ವಿನ್ಯಾಸ ಒಂದು: ಥೀಮ್, ಮೆನು, ಪುಟದ ತಲೆ ಮತ್ತು ಬುಡ, ಎಲ್ಲ ಪುಟಗಳಲ್ಲೂ ಕಾಣುವ ಬಣ್ಣ ಮತ್ತು ಫಾಂಟ್. ಒಂದೊಂದು ಬರಹದ ಒಳಗಿನ ವಿನ್ಯಾಸ ಇನ್ನೊಂದು: ಈ ಪ್ಯಾರಾಕ್ಕೆ ಈ ಹಿನ್ನೆಲೆ, ಈ ತಲೆಬರಹಕ್ಕೆ ಈ ಗಾತ್ರ. ಮೊದಲ ಪದರಕ್ಕೆ ಬಿಗಿಯಾದ ಕಾವಲಿದೆ. ಎರಡನೆಯದಕ್ಕೆ, ನಾವಾಗಿ ಹಾಕದಿದ್ದರೆ, ಕಾವಲೇ ಇಲ್ಲ. ಬಳಕೆದಾರರ ಪಾತ್ರಗಳನ್ನು ಹಂಚುವಾಗ ನಾವು ಮೊದಲ ಪದರವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿಂದ.

ಬರುವ ಪತ್ರಗಳಲ್ಲಿ ಹೆಚ್ಚಿನವು ವರ್ಡ್‌ಪ್ರೆಸ್ ಬಳಸುವವರದು. ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರುಮಾಡಿದ ಈ ತಂತ್ರಾಂಶದಲ್ಲಿ ಆರಂಭದ ದಿನಗಳಲ್ಲಿ ಪಾತ್ರಗಳಿರಲಿಲ್ಲ, ಮಟ್ಟಗಳಿದ್ದವು. ಬಳಕೆದಾರರಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. ಅಂಕಿ ದೊಡ್ಡದಾದಷ್ಟೂ ಅಧಿಕಾರ ಹೆಚ್ಚು. ಏಣಿಯ ಆ ಲೆಕ್ಕದಲ್ಲಿ ಒಬ್ಬರಿಗೆ ಥೀಮ್ ಬದಲಿಸುವ ಅವಕಾಶ ಕೊಡಬೇಕಾದರೆ ಅದರ ಕೆಳಗಿನ ಎಲ್ಲವನ್ನೂ ಕೊಟ್ಟಂತೆ ಆಗುತ್ತಿತ್ತು. 2005ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿ ಅದನ್ನು ಬಿಟ್ಟು ಈಗಿನ ಪದ್ಧತಿಗೆ ಬಂತು. ಇದರಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಬಿಡಿ ಅನುಮತಿ. ಬರಹ ಪ್ರಕಟಿಸುವುದಕ್ಕೆ ಒಂದು, ಬೇರೆಯವರ ಬರಹ ತಿದ್ದುವುದಕ್ಕೆ ಒಂದು, ಚಿತ್ರ ಏರಿಸುವುದಕ್ಕೆ ಒಂದು, ಥೀಮ್ ಬದಲಿಸುವುದಕ್ಕೆ ಒಂದು. ಪಾತ್ರವೆಂದರೆ ಇಂಥ ಅನುಮತಿಗಳನ್ನು ಪೋಣಿಸಿಟ್ಟ ಬೀಗದ ಕೈಗೊಂಚಲು. ಒಂದು ಗೊಂಚಲು ಇನ್ನೊಂದಕ್ಕಿಂತ ಮೇಲು ಎಂದು ಆ ತಂತ್ರಾಂಶ ಎಲ್ಲಿಯೂ ಲೆಕ್ಕ ಹಾಕುವುದಿಲ್ಲ. ನೀವು ಬಾಗಿಲ ಮುಂದೆ ನಿಂತಾಗ ಆ ಬಾಗಿಲಿನ ಕೀಲಿ ನಿಮ್ಮ ಗೊಂಚಲಿನಲ್ಲಿದೆಯೇ ಎಂದಷ್ಟೇ ನೋಡುತ್ತದೆ.

ಈ ಆಲೋಚನೆ ವರ್ಡ್‌ಪ್ರೆಸ್‌ನವರದೇ ಅಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಪಾತ್ರಾಧಾರಿತ ಅನುಮತಿಯ ಮಾದರಿಯನ್ನು ಕ್ರಮಬದ್ಧವಾಗಿ ಮಂಡಿಸಿದರು. ಅದಕ್ಕೂ ಹಿಂದೆ, 1975ರಲ್ಲಿ, ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕಲ್ ಶ್ರೋಡರ್ ಕಂಪ್ಯೂಟರ್ ಭದ್ರತೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಕನಿಷ್ಠ ಅಧಿಕಾರದ ತತ್ವವನ್ನು ಹೇಳಿದ್ದರು. ಯಾರಿಗೇ ಆಗಲಿ, ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಸಾಕು ಎಂಬುದು ಅದರ ತಿರುಳು. ಬ್ಯಾಂಕಿನ ಗಣಕಕ್ಕೆ ಹೊಂದುವ ಈ ಮಾತು ಊರಿನ ಶಾಲೆಯ ವೆಬ್‌ಸೈಟಿಗೂ ಅಷ್ಟೇ ಹೊಂದುತ್ತದೆ.

ವರ್ಡ್‌ಪ್ರೆಸ್ ಅಳವಡಿಸಿದೊಡನೆ ಐದು ಪಾತ್ರಗಳು ಸಿಗುತ್ತವೆ. ಸಬ್‌ಸ್ಕ್ರೈಬರ್ ಓದಬಹುದು, ತನ್ನ ವಿವರ ತಿದ್ದಿಕೊಳ್ಳಬಹುದು. ಕಾಂಟ್ರಿಬ್ಯೂಟರ್ ಬರೆದು ಒಪ್ಪಿಸಬಹುದು. ಪ್ರಕಟಿಸುವಂತಿಲ್ಲ, ಚಿತ್ರ ಏರಿಸುವಂತಿಲ್ಲ. ಆಥರ್ ತನ್ನ ಬರಹಗಳನ್ನು ತಾನೇ ಪ್ರಕಟಿಸಬಹುದು. ಎಡಿಟರ್ ಎಲ್ಲರ ಬರಹಗಳಿಗೂ ಒಡೆಯ. ಅಡ್ಮಿನಿಸ್ಟ್ರೇಟರ್‌ಗೆ, ರೂಢಿಯ ಮಾತಿನ ಅಡ್ಮಿನ್‌ಗೆ, ಎಲ್ಲವೂ. ಇವುಗಳಲ್ಲಿ ಮೊದಲ ನಾಲ್ಕೂ ಬರಹದ ಸುತ್ತ ಕಟ್ಟಿದ ಪಾತ್ರಗಳು ಎಂಬುದನ್ನು ಗಮನಿಸಿ. ವಿನ್ಯಾಸಕ್ಕೆಂದೇ ಒಂದು ಪಾತ್ರ ಈ ಐದರಲ್ಲಿ ಇಲ್ಲ. ತಾಣದ ಮಟ್ಟದ ವಿನ್ಯಾಸವೆಲ್ಲ ಅಡ್ಮಿನ್ ಕೈಯಲ್ಲಿ, ಉಳಿದವರಿಗೆ ಬರಹ. ಪತ್ರಿಕೆಯೊಂದರಲ್ಲಿ ಸಂಪಾದಕರೂ ಪುಟ ವಿನ್ಯಾಸಕರೂ ಬೇರೆ ಬೇರೆ ಇರುವುದನ್ನು ನೋಡಿ ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬೇಕು. ಆದರೆ ಇಷ್ಟು ವರ್ಷ ಹೀಗೇ ನಡೆದು ಬಂದಿದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಮೆನು ತಿದ್ದುವುದಕ್ಕೆ ಬೇಕಾದ ಅನುಮತಿಯ ಹೆಸರು ‘ಎಡಿಟ್ ಥೀಮ್ ಆಪ್ಷನ್ಸ್’. ಇದು ಸಹಜವಾಗಿ ಇರುವುದು ಅಡ್ಮಿನ್‌ಗೆ ಮಾತ್ರ. ಎಡಿಟರ್ ಪಾತ್ರದವರ ಡ್ಯಾಶ್‌ಬೋರ್ಡಿನಲ್ಲಿ ಮೆನು ತಿದ್ದುವ ಪುಟ ಕಾಣದಿರುವುದು ಇದರಿಂದಲೇ. ಹಾಗಾದರೆ ಆ ಒಂದು ಅನುಮತಿಯನ್ನು ಎಡಿಟರ್‌ಗೆ ಸೇರಿಸಿಬಿಟ್ಟರೆ ಆಯಿತಲ್ಲ? ತಾಂತ್ರಿಕವಾಗಿ ಆಯಿತು. ತೊಂದರೆ ಏನೆಂದರೆ ಈ ಒಂದೇ ಕೀಲಿಗೆ ಬಹಳ ಬಾಗಿಲು ತೆರೆಯುತ್ತವೆ. ಹಳೆಯ ಬಗೆಯ ಥೀಮ್ ಇದ್ದರೆ ಮೆನು, ವಿಜೆಟ್, ಕಸ್ಟಮೈಸರ್ ಎಲ್ಲವೂ ಇದರಡಿ ಬರುತ್ತವೆ. 2022ರ ಜನವರಿಯಲ್ಲಿ 5.9 ಆವೃತ್ತಿಯೊಂದಿಗೆ ಬಂದ ಸೈಟ್ ಎಡಿಟರ್ ಬಳಸುವ ಹೊಸ ಬಗೆಯ ಥೀಮ್ ಇದ್ದರೆ ಇಡೀ ತಾಣದ ಟೆಂಪ್ಲೇಟುಗಳು, ಪುಟದ ತಲೆ ಬುಡ, ಬಣ್ಣ ಮತ್ತು ಫಾಂಟ್ ನಿರ್ಧರಿಸುವ ಸ್ಟೈಲ್ಸ್ ವಿಭಾಗ, ಎಲ್ಲಕ್ಕೂ ಇದೇ ಕೀಲಿ. ಮೆನುವಿಗೆ ‘ವಾರ್ಷಿಕೋತ್ಸವ’ ಎಂಬ ಪುಟ ಸೇರಿಸಲು ಅನುಮತಿ ಪಡೆದವರು ಎಲ್ಲ ಪುಟಗಳ ತಲೆಭಾಗವನ್ನು ಅಳಿಸಲೂ ಶಕ್ತರಾಗುತ್ತಾರೆ. ಬೇಕೆಂದು ಯಾರೂ ಹಾಗೆ ಮಾಡುವುದಿಲ್ಲ. ಆದರೆ ಸೈಟ್ ಎಡಿಟರಿನಲ್ಲಿ ಒಂದು ಪುಟವನ್ನು ತಿದ್ದುತ್ತಿದ್ದೇನೆ ಎಂದುಕೊಂಡು ಎಲ್ಲ ಪುಟಗಳ ಟೆಂಪ್ಲೇಟನ್ನು ತಿದ್ದಿಬಿಡುವುದು ತೀರಾ ಸುಲಭ.

ಈ ಅನುಮತಿಯನ್ನು ಇನ್ನಷ್ಟು ಸಣ್ಣ ತುಂಡುಗಳಾಗಿ ಒಡೆಯಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮೆನು ತಿದ್ದುವುದು ಬರಹಕ್ಕೆ ಹತ್ತಿರದ ಕೆಲಸ. ಹೊಸ ವಿಭಾಗ ಶುರುವಾದಾಗ, ಕಾರ್ಯಕ್ರಮ ಬಂದಾಗ ಅದನ್ನು ಮಾಡುವವರು ಸಂಪಾದಕರೇ. ಅದನ್ನು ತಾಣದ ಮುಖಚಹರೆ ಬದಲಿಸುವ ಅಧಿಕಾರದ ಜೊತೆ ಗಂಟು ಹಾಕಿರುವುದರಿಂದ ಸಂಸ್ಥೆಗಳು ಒತ್ತಡಕ್ಕೆ ಸಿಕ್ಕಿ, “ಹೋಗಲಿ, ಅಡ್ಮಿನ್ ಮಾಡಿಬಿಡಿ” ಎನ್ನುತ್ತವೆ. ನಾನು ನೋಡಿದ ಬಹುಪಾಲು ಸಣ್ಣ ತಾಣಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಅಡ್ಮಿನ್‌ಗಳು ಇರುವುದಕ್ಕೆ ಮೂಲ ಇಂಥ ಒಂದು ಚಿಕ್ಕ ಅವಶ್ಯಕತೆ. ಅಡ್ಮಿನ್ ಆದವರು ಪ್ಲಗಿನ್ ಹಾಕಬಹುದು, ತೆಗೆಯಬಹುದು, ಬೇರೆ ಬಳಕೆದಾರರನ್ನು ಅಳಿಸಬಹುದು. ಅವರ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕರೆ ತಾಣವೇ ಸಿಕ್ಕಂತೆ.

ಇದಕ್ಕೆ ನಾನು ಹೇಳುವ ದಾರಿ, ವಿನ್ಯಾಸಕ್ಕೆಂದೇ ಆರನೆಯ ಪಾತ್ರವೊಂದನ್ನು ಮಾಡಿಕೊಳ್ಳುವುದು. ಯೂಸರ್ ರೋಲ್ ಎಡಿಟರ್, ಮೆಂಬರ್ಸ್ ಎಂಬ ಪ್ಲಗಿನ್‌ಗಳಲ್ಲಿ ಇದನ್ನು ಕೋಡ್ ಬರೆಯದೆ ಮಾಡಬಹುದು. ಎಡಿಟರ್ ಪಾತ್ರದ ನಕಲು ತೆಗೆದು, ‘ವಿನ್ಯಾಸ ಸಂಪಾದಕ’ ಎಂದು ಹೆಸರಿಟ್ಟು, ಅದಕ್ಕೆ ಎಡಿಟ್ ಥೀಮ್ ಆಪ್ಷನ್ಸ್ ಒಂದನ್ನು ಸೇರಿಸಿ. ಥೀಮ್ ಬದಲಿಸುವ, ಹೊಸ ಥೀಮ್ ಅಳವಡಿಸುವ, ಪ್ಲಗಿನ್ ಮುಟ್ಟುವ, ಬಳಕೆದಾರರಿಗೆ ಬಡ್ತಿ ಕೊಡುವ ಅನುಮತಿಗಳನ್ನು ಸೇರಿಸಬೇಡಿ. ಈ ಪಾತ್ರವನ್ನು ಸಂಸ್ಥೆಯಲ್ಲಿ ಕಣ್ಣು ಚೆನ್ನಾಗಿರುವ ಒಬ್ಬರಿಗೋ ಇಬ್ಬರಿಗೋ ಕೊಡಿ. ಎಡಿಟರ್ ಪಾತ್ರವನ್ನೇ ತಿದ್ದುವುದಕ್ಕಿಂತ ಹೊಸದನ್ನು ಮಾಡುವುದು ಲೇಸು ಎನ್ನಲು ಕಾರಣವಿದೆ. ಪಾತ್ರಗಳ ಪಟ್ಟಿ ವರ್ಡ್‌ಪ್ರೆಸ್‌ನ ದತ್ತಸಂಚಯದಲ್ಲಿ ಉಳಿದುಕೊಳ್ಳುತ್ತದೆ. ಪ್ಲಗಿನ್ ತೆಗೆದುಹಾಕಿದರೂ ನೀವು ಸೇರಿಸಿದ ಅನುಮತಿ ತಾನಾಗಿ ಹೋಗುವುದಿಲ್ಲ. ಮೂರು ವರ್ಷದ ನಂತರ ಬಂದವರಿಗೆ ಎಡಿಟರ್ ಎಂದರೆ ಮಾಮೂಲಿ ಎಡಿಟರ್ ಎಂದೇ ಅನ್ನಿಸುತ್ತದೆ, ಅದರೊಳಗೆ ಯಾರೋ ಹಿಂದೆ ಸೇರಿಸಿದ ಕೀಲಿ ಇರುವುದು ಗೊತ್ತಾಗುವುದಿಲ್ಲ. ಹೊಸ ಹೆಸರಿನ ಪಾತ್ರ ಇದ್ದರೆ ಅದು ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಇನ್ನು ಎರಡನೆಯ ಪ್ರಶ್ನೆ, ನನಗೆ ಹೆಚ್ಚು ಮುಖ್ಯ ಅನ್ನಿಸುವ ಪ್ರಶ್ನೆ. ಗುಲಾಬಿ ತಲೆಬರಹ ಎಲ್ಲಿಂದ ಬಂತು? 2018ರ ಡಿಸೆಂಬರಿನ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಬರೆಯುವುದು ಬ್ಲಾಕುಗಳಲ್ಲಿ. ಪ್ಯಾರಾ ಒಂದು ಬ್ಲಾಕ್, ತಲೆಬರಹ ಒಂದು ಬ್ಲಾಕ್, ಚಿತ್ರ ಒಂದು ಬ್ಲಾಕ್. ಪ್ಯಾರಾ, ತಲೆಬರಹದಂಥ ಬ್ಲಾಕ್ ಆರಿಸಿದರೆ ಪಕ್ಕದ ಪಟ್ಟಿಯಲ್ಲಿ ಬಣ್ಣ, ಗಾತ್ರ, ಅಂತರಗಳ ನಿಯಂತ್ರಣಗಳು ತೆರೆದುಕೊಳ್ಳುತ್ತವೆ. ಆ ನಿಯಂತ್ರಣಗಳನ್ನು ತೋರಿಸುವ ಮೊದಲು ತಂತ್ರಾಂಶ ನಿಮ್ಮ ಪಾತ್ರವನ್ನು ಕೇಳುವುದಿಲ್ಲ. ಬರಹ ತಿದ್ದುವ ಅನುಮತಿ ಇದ್ದರೆ ಬರಹಕ್ಕೆ ಬಣ್ಣ ಬಳಿಯುವ ಅನುಮತಿಯೂ ಇದ್ದಂತೆಯೇ. ಪ್ರಕಟಿಸುವ ಹಕ್ಕಿಲ್ಲದ ಕಾಂಟ್ರಿಬ್ಯೂಟರ್ ಕೂಡ ತನ್ನ ಕರಡಿನಲ್ಲಿ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇಡಬಹುದು. ಥೀಮ್ ತನ್ನದೇ ಬಣ್ಣಗಳನ್ನು ಕೊಟ್ಟಿದ್ದರೂ ಅದರ ಕೆಳಗೆ ವರ್ಡ್‌ಪ್ರೆಸ್‌ನ ಸ್ವಂತ ಬಣ್ಣಗಳ ಸಾಲು ಕಾಣಿಸುವುದುಂಟು. ತೆಳು ಗುಲಾಬಿ, ಉಜ್ವಲ ಕೆಂಪು, ಹಸಿರು ನೀಲಿ ಎಲ್ಲವೂ ಅಲ್ಲಿವೆ. ಅದರ ಮೇಲೆ ಬೇಕಾದ ಯಾವುದೇ ಬಣ್ಣ ಹೆಕ್ಕಿಕೊಳ್ಳುವ ಪೆಟ್ಟಿಗೆಯೂ ಇದೆ.

ಬರಹಗಾರರನ್ನು ಇದಕ್ಕೆ ದೂರುವುದು ಸರಿಯಲ್ಲ. ಕಣ್ಣ ಮುಂದೆ ಉಪಕರಣವಿದ್ದರೆ ಅದನ್ನು ಬಳಸುವುದು ಸಹಜ. ತಮ್ಮ ಲೇಖನ ಚೆನ್ನಾಗಿ ಕಾಣಲಿ ಎಂಬ ಪ್ರೀತಿಯಿಂದಲೇ ಅವರು ಬಣ್ಣ ಹಾಕುತ್ತಾರೆ. ಒಂದೊಂದಾಗಿ ನೋಡಿದರೆ ಪ್ರತಿ ಲೇಖನವೂ ಚೆನ್ನಾಗಿಯೇ ಇರುತ್ತದೆ. ಅವೆಲ್ಲ ಮುಖಪುಟದಲ್ಲಿ ಸಾಲಾಗಿ ಬಂದಾಗ ತಾಣಕ್ಕೆ ಸ್ವಂತ ಮುಖವಿಲ್ಲದಂತಾಗುತ್ತದೆ. ಇದು ಅಂದಚಂದದ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇಲ್ಲಿ ಎರಡು ನಿಜವಾದ ನಷ್ಟಗಳಿವೆ.

ಮೊದಲನೆಯದು ಓದುವವರ ನಷ್ಟ, ಅದರಲ್ಲೂ ಕನ್ನಡ ಓದುವವರದು. ನಮ್ಮ ಲಿಪಿಯಲ್ಲಿ ಅಕ್ಷರದ ಮೇಲೂ ಕೆಳಗೂ ಕೆಲಸ ನಡೆಯುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ನೋಡಿ; ಒತ್ತಕ್ಷರಗಳು ಸಾಲಿನಿಂದ ಎಷ್ಟು ಕೆಳಗಿಳಿಯುತ್ತವೆ. ಇಂಗ್ಲಿಷಿಗೆ ಒಪ್ಪುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟು ಇನ್ನಷ್ಟು ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತದೆ. ಅಕ್ಷರಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಅಂತರವಿದ್ದರೆ ಕನ್ನಡ ಉಸಿರಾಡುತ್ತದೆ ಎಂಬುದು ನನ್ನ ಅನುಭವ. ಬರಹಗಾರರಿಗೆ ಈ ಅಂತರದ ನಿಯಂತ್ರಣ ಕೊಟ್ಟರೆ, ಲೇಖನ ಒಂದೇ ಪರದೆಯಲ್ಲಿ ಹಿಡಿಯಲಿ ಎಂದು ಮೊದಲು ಕುಗ್ಗಿಸುವುದು ಇದನ್ನೇ. ಮೊದಲಕ್ಷರವನ್ನು ದೊಡ್ಡದಾಗಿ ತೋರಿಸುವ ಡ್ರಾಪ್ ಕ್ಯಾಪ್ ಸೌಲಭ್ಯದ ಕಥೆಯೂ ಅಷ್ಟೆ. ಪ್ಯಾರಾ ‘ಸ್ವಾತಂತ್ರ್ಯ’ ಎಂದು ಶುರುವಾದರೆ ಬ್ರೌಸರ್ ‘ಸ್’ ಅನ್ನು ದೊಡ್ಡದು ಮಾಡಿ ‘ವಾ’ ಅನ್ನು ಸಣ್ಣದಾಗಿ ಬಿಡುವುದುಂಟು. ಒಂದೇ ಅಕ್ಷರ ಎರಡು ತುಂಡಾಗುತ್ತದೆ. ಕನ್ನಡ ಅಕ್ಷರಗಳೇ ಇಲ್ಲದ ಇಂಗ್ಲಿಷ್ ಫಾಂಟನ್ನು ಆರಿಸಿದರೆ ಓದುಗರ ಫೋನಿನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದು ಬರುತ್ತದೆ, ಆರಿಸಿದವರ ಪರದೆಯಲ್ಲಿ ಕಂಡದ್ದು ಬೇರೆ ಯಾರ ಪರದೆಯಲ್ಲೂ ಕಾಣದೆ ಹೋಗಬಹುದು. ಬಣ್ಣದ ವಿಷಯದಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿಯ ಮೇಲೆ ತೆಳು ಗುಲಾಬಿ ಇದನ್ನು ಮುಟ್ಟುವುದಿಲ್ಲ. ಕಣ್ಣು ಮಂಜಾದ ಹಿರಿಯರು, ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ಫೋನಿನಲ್ಲಿ ಓದುವವರು ಅಂಥ ಲೇಖನವನ್ನು ಬಿಟ್ಟು ಮುಂದೆ ಹೋಗುತ್ತಾರೆ.

ಎರಡನೆಯ ನಷ್ಟ ಮುಂದಿನ ವರ್ಷಗಳದು, ಇವತ್ತು ಕಣ್ಣಿಗೆ ಬೀಳದ್ದು. ಥೀಮ್ ಕೊಟ್ಟ ಬಣ್ಣಗಳಲ್ಲಿ ಒಂದನ್ನು ಆರಿಸಿದಾಗ ಬರಹದಲ್ಲಿ ಉಳಿಯುವುದು ಆ ಬಣ್ಣದ ಹೆಸರು ಮಾತ್ರ, ‘ಮುಖ್ಯ ಬಣ್ಣ’ ಎಂಬಂತೆ. ನಾಳೆ ಮುಖ್ಯ ಬಣ್ಣವನ್ನು ನೀಲಿಯಿಂದ ಕಂದು ಮಾಡಿದರೆ ಹಳೆಯ ಬರಹಗಳೆಲ್ಲ ಅದನ್ನು ಹಿಂಬಾಲಿಸುತ್ತವೆ. ಅದೇ ಪೆಟ್ಟಿಗೆಯಿಂದ ತಮಗೆ ತೋಚಿದ ಬಣ್ಣ ಹೆಕ್ಕಿದ್ದರೆ ಆ ಬಣ್ಣದ ಸಂಕೇತವೇ ಬರಹದೊಳಗೆ ಅಚ್ಚಾಗುತ್ತದೆ. ಥೀಮ್ ಬದಲಾದರೂ ಅದು ಕದಲುವುದಿಲ್ಲ. ಗಾತ್ರಕ್ಕೂ ಇದೇ ಮಾತು: ‘ದೊಡ್ಡದು’ ಎಂದು ಆರಿಸಿದ್ದು ಹೊಂದಿಕೊಳ್ಳುತ್ತದೆ, 43 ಪಿಕ್ಸೆಲ್ ಎಂದು ಬರೆದದ್ದು 43 ಆಗಿಯೇ ಉಳಿಯುತ್ತದೆ. ಗೆಳೆಯರೊಬ್ಬರು ನಡೆಸುವ ಮಾಸಿಕವೊಂದರ ತಾಣ ಹೊಸ ರೂಪಕ್ಕೆ ಬದಲಾದಾಗ ಇದನ್ನು ಕಣ್ಣಾರೆ ನೋಡಿದೆ. ಹೊಸ ಹಿನ್ನೆಲೆ ಗಾಢ ಬಣ್ಣದ್ದು. ಹಿಂದೆ ಕೈಯಾರೆ ಕಪ್ಪು ಬಣ್ಣ ಹಾಕಿದ್ದ ಉಪಶೀರ್ಷಿಕೆಗಳೆಲ್ಲ ಅದರಲ್ಲಿ ಮುಳುಗಿಹೋದವು. ಒಂದೊಂದೇ ಲೇಖನ ತೆರೆದು ಬಣ್ಣ ತೆಗೆಯುವ ಕೆಲಸಕ್ಕೆ ಅವರ ತಂಡದ ಸಂಜೆಗಳೆಲ್ಲ ಹೋದವು. ಕಥೆ, ಕವಿತೆ ಓದಿ ಆರಿಸಬೇಕಾದ ಸಮಯ ಅದು.

ಹಾಗಾದರೆ ಒಳಗಿನ ಪದರಕ್ಕೆ ಕಾವಲು ಹಾಕುವುದು ಹೇಗೆ? 2021ರ ಜುಲೈನ 5.8 ಆವೃತ್ತಿಯಿಂದ ಥೀಮ್‌ಗಳಲ್ಲಿ ‘ಥೀಮ್ ಡಾಟ್ ಜೇಸನ್’ ಎಂಬ ಕಡತ ಬಂದಿದೆ. ಬರೆಯುವ ಪರದೆಯಲ್ಲಿ ಯಾವ ನಿಯಂತ್ರಣ ಇರಬೇಕು, ಯಾವುದು ಬೇಡ ಎಂದು ಹೇಳುವ ಜಾಗ ಅದೇ. ತಾಣಕ್ಕೆ ಒಪ್ಪುವ ಐದಾರು ಬಣ್ಣಗಳನ್ನು ಕೊಟ್ಟು, ವರ್ಡ್‌ಪ್ರೆಸ್‌ನ ಸ್ವಂತ ಬಣ್ಣಗಳನ್ನೂ ತೋಚಿದ್ದು ಹೆಕ್ಕುವ ಪೆಟ್ಟಿಗೆಯನ್ನೂ ಮುಚ್ಚಬಹುದು. ಅಕ್ಷರಗಾತ್ರಕ್ಕೆ ಮೂರೋ ನಾಲ್ಕೋ ಆಯ್ಕೆ ಇಟ್ಟು ಅಂಕಿ ಬರೆಯುವ ಅವಕಾಶ ತೆಗೆಯಬಹುದು. ಡ್ರಾಪ್ ಕ್ಯಾಪ್, ಸಾಲಿನ ಅಂತರ, ಅಕ್ಷರಗಳ ನಡುವಿನ ಅಂತರ ಇವನ್ನೆಲ್ಲ ಬಂದ್ ಮಾಡಬಹುದು. ಕನ್ನಡ ತಾಣ ನಡೆಸುವವರಿಗೆ ಈ ಕೊನೆಯ ಮೂರನ್ನು ಮುಚ್ಚಿಯೇ ಬಿಡಿ ಎಂದು ಹೇಳುತ್ತೇನೆ. ಕಡತ ತಿದ್ದುವುದು ಥೀಮ್ ಮಾಡಿಕೊಟ್ಟವರ ಕೆಲಸ. ತಿದ್ದುಪಡಿಯನ್ನು ಚೈಲ್ಡ್ ಥೀಮ್‌ನಲ್ಲಿ ಇಡಲು ಹೇಳಿ, ಇಲ್ಲದಿದ್ದರೆ ಥೀಮ್ ಅಪ್‌ಡೇಟ್ ಆದ ದಿನ ಎಲ್ಲ ಅಳಿಸಿಹೋಗುತ್ತದೆ.

ಈ ಕಡತದ ನಿಯಮ ಎಲ್ಲರಿಗೂ ಒಂದೇ, ಅಡ್ಮಿನ್‌ಗೂ ಕಾಂಟ್ರಿಬ್ಯೂಟರ್‌ಗೂ. ವಿಶೇಷ ಸಂಚಿಕೆಗೆ ಬೇರೆ ಬಣ್ಣ ಬೇಕಾದಾಗ ವಿನ್ಯಾಸ ನೋಡಿಕೊಳ್ಳುವವರಿಗಾದರೂ ಸ್ವಾತಂತ್ರ್ಯ ಇರಬೇಡವೇ ಎಂದು ನೀವು ಕೇಳಬಹುದು. ಇರಲಿ. ಬರೆಯುವ ಪರದೆ ತೆರೆಯುವ ಹೊತ್ತಿಗೆ ಅದರ ಸೆಟ್ಟಿಂಗುಗಳನ್ನು ಬದಲಿಸಲು ವರ್ಡ್‌ಪ್ರೆಸ್‌ನಲ್ಲಿ ಫಿಲ್ಟರ್ ಎಂಬ ಏರ್ಪಾಡಿದೆ. ಅಲ್ಲಿ ಕೆಲವೇ ಸಾಲಿನ ಕೋಡ್‌ನಿಂದ, ಈ ಬಳಕೆದಾರರಿಗೆ ಎಡಿಟ್ ಥೀಮ್ ಆಪ್ಷನ್ಸ್ ಇದ್ದರೆ ಎಲ್ಲ ನಿಯಂತ್ರಣ ತೋರಿಸು, ಇಲ್ಲದಿದ್ದರೆ ನಿಗದಿಯಾದ ಬಣ್ಣಗಳನ್ನಷ್ಟೇ ತೋರಿಸು ಎಂದು ಹೇಳಬಹುದು. ಕೋಡ್ ಬರೆಯುವವರಿಗೆ ಒಂದು ಮಾತು ಮಾತ್ರ ನೆನಪಿಸಿ: ಪಾತ್ರದ ಹೆಸರನ್ನು ನೋಡಬಾರದು, ಅನುಮತಿ ಇದೆಯೇ ಎಂದು ನೋಡಬೇಕು. ಪಾತ್ರದ ಹೆಸರನ್ನು ನೆಚ್ಚಿಕೊಂಡು ಬರೆದರೆ ನಾವು ಹೊಸದಾಗಿ ಮಾಡಿಕೊಂಡ ‘ವಿನ್ಯಾಸ ಸಂಪಾದಕ’ ಹೊರಗುಳಿಯುತ್ತಾರೆ.

ಈ ಎಲ್ಲ ಕಟ್ಟುಪಾಡುಗಳ ಮಿತಿಯನ್ನೂ ತಿಳಿದಿರಬೇಕು. ಅವು ಗುಂಡಿಗಳನ್ನು ಮರೆಮಾಡುತ್ತವೆ. ಬರಹದೊಳಗೆ ಈಗಾಗಲೇ ಕುಳಿತಿರುವ ಬಣ್ಣವನ್ನು ಅಳಿಸುವುದಿಲ್ಲ, ಬೇರೆ ಕಡೆಯಿಂದ ನಕಲು ಮಾಡಿ ತಂದು ಅಂಟಿಸಿದ ಬ್ಲಾಕಿನ ಬಣ್ಣವನ್ನೂ ತಡೆಯುವುದಿಲ್ಲ. ಇದಕ್ಕಿಂತ ದೊಡ್ಡ ಕಿಂಡಿ ಇನ್ನೊಂದಿದೆ. ಮಾಮೂಲಿ ವರ್ಡ್‌ಪ್ರೆಸ್ ತಾಣದಲ್ಲಿ ಅಡ್ಮಿನ್ ಮತ್ತು ಎಡಿಟರ್ ಇಬ್ಬರಿಗೂ ಸೋಸದ ಎಚ್‌ಟಿಎಂಎಲ್ ಬರೆಯುವ ಅನುಮತಿ ಇರುತ್ತದೆ. ಬಣ್ಣದ ಪೆಟ್ಟಿಗೆ ಮುಚ್ಚಿದ್ದರೂ ಎಡಿಟರ್ ಪಾತ್ರದವರು ಎಚ್‌ಟಿಎಂಎಲ್ ಬ್ಲಾಕ್ ಒಂದನ್ನು ಇಟ್ಟು ಅದರಲ್ಲಿ ಸ್ಟೈಲ್ ಬರೆದರೆ ಆ ಪುಟದ ಚಹರೆಯನ್ನೇ ಬದಲಿಸಬಹುದು, ಸ್ಕ್ರಿಪ್ಟ್ ಕೂಡ ಇಡಬಹುದು. ವಿನ್ಯಾಸದ ಪ್ರಶ್ನೆ ಭದ್ರತೆಯ ಪ್ರಶ್ನೆಯಾಗುವುದು ಇಲ್ಲಿ. ಹಲವು ಶಾಖೆಗಳ ತಾಣಗಳನ್ನು ಒಟ್ಟಿಗೆ ನಡೆಸುವ ಮಲ್ಟಿಸೈಟ್ ವ್ಯವಸ್ಥೆಯಲ್ಲಿ ಈ ಅನುಮತಿ ಸೂಪರ್ ಅಡ್ಮಿನ್‌ಗೆ ಮಾತ್ರ ಇರುವುದು ಸುಮ್ಮನೆ ಅಲ್ಲ. ಒಂಟಿ ತಾಣದಲ್ಲಿ ಇದು ಯಾರಿಗೂ ಬೇಡವೆನ್ನಿಸಿದರೆ ಸಂರಚನಾ ಕಡತದಲ್ಲಿ ಒಂದು ಸಾಲು ಸೇರಿಸಿ ಮುಚ್ಚಬಹುದು. ಅದೇ ಕಡತದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಡ್ಯಾಶ್‌ಬೋರ್ಡಿನಿಂದಲೇ ಥೀಮ್ ಮತ್ತು ಪ್ಲಗಿನ್ ಕಡತಗಳನ್ನು ತಿದ್ದುವ ಪುಟವೂ ಮುಚ್ಚುತ್ತದೆ. ಇವೆರಡನ್ನೂ ನಿಮ್ಮ ತಾಣ ನೋಡಿಕೊಳ್ಳುವವರಿಗೆ ಇವತ್ತೇ ಹೇಳಿ ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಮುಚ್ಚುವುದರ ಬಗ್ಗೆಯೇ ಇಷ್ಟು ಹೇಳಿದೆ. ಮುಚ್ಚಿದ ಮೇಲೆ ಬರಹಗಾರರ ಕೈಗೆ ಏನು ಕೊಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಸಂದರ್ಶನದ ನಡುವೆ ಎದ್ದು ಕಾಣುವ ಉಕ್ತಿ, ಪುಸ್ತಕ ಪರಿಚಯದ ಕೊನೆಯಲ್ಲಿ ಪುಸ್ತಕದ ವಿವರ, ಕಾರ್ಯಕ್ರಮದ ದಿನ ಮತ್ತು ಸ್ಥಳದ ಚೌಕಟ್ಟು ಇವೆಲ್ಲ ಅವರಿಗೆ ನಿಜವಾಗಿ ಬೇಕಾದವು. ಅವು ಸಿಗದಿದ್ದಾಗ ಬಣ್ಣ ಬಳಿದು ತಾವೇ ಮಾಡಿಕೊಳ್ಳುತ್ತಾರೆ. ಪ್ಯಾಟರ್ನ್ ಎಂಬ ಸಿದ್ಧ ಜೋಡಣೆಗಳನ್ನು ಮೊದಲೇ ಮಾಡಿಟ್ಟರೆ ಅವರು ಅದನ್ನು ಆರಿಸಿ ಅಕ್ಷರ ತುಂಬಿದರೆ ಸಾಕು. ಆ ಜೋಡಣೆಯಲ್ಲಿ ಪಠ್ಯ ಮತ್ತು ಚಿತ್ರ ಮಾತ್ರ ಬದಲಾಗಬೇಕು, ರೂಪ ಕದಲಬಾರದು ಎಂದು ಬೀಗ ಹಾಕುವ ಸೌಲಭ್ಯವೂ ಇದೆ. 2022ರ ಮೇ ತಿಂಗಳಿನ 6.0 ಆವೃತ್ತಿಯಿಂದ ಒಂದೊಂದು ಬ್ಲಾಕನ್ನು ಸರಿಸದಂತೆ, ತೆಗೆಯದಂತೆ ಲಾಕ್ ಮಾಡಲು ಪರದೆಯ ಮೇಲೇ ಗುಂಡಿ ಬಂದಿದೆ. ಆದರೆ ಲಾಕ್ ಹಾಕುವ ಗುಂಡಿ ಯಾರಿಗೆ ಕಾಣುತ್ತದೋ ಅವರಿಗೆ ಲಾಕ್ ತೆಗೆಯುವ ಗುಂಡಿಯೂ ಕಾಣುತ್ತದೆ. ಮೇಲೆ ಹೇಳಿದ ಫಿಲ್ಟರ್‌ನಲ್ಲೇ ಇದನ್ನೂ ಅನುಮತಿಗೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ಲಾಕ್ ಬರೀ ಸೂಚನೆಯಾಗಿ ಉಳಿಯುತ್ತದೆ.

ಎಲಿಮೆಂಟರ್‌ನಂಥ ಪುಟ ಕಟ್ಟುವ ಪ್ಲಗಿನ್ ಬಳಸುವವರಿಗೆ ಬೇರೆ ಜಾಗದಲ್ಲಿ ಇದೇ ಪ್ರಶ್ನೆ. ಅದರಲ್ಲಿ ರೋಲ್ ಮ್ಯಾನೇಜರ್ ಎಂಬ ಪುಟವಿದೆ. ಯಾವ ಪಾತ್ರದವರಿಗೆ ಎಲಿಮೆಂಟರ್ ಪರದೆಯೇ ತೆರೆಯಬಾರದು ಎಂದು ಅಲ್ಲಿ ಗುರುತು ಹಾಕಬಹುದು. ಪರದೆ ತೆರೆಯಲಿ, ಪಠ್ಯ ಮಾತ್ರ ತಿದ್ದಲಿ, ರೂಪ ಮುಟ್ಟದಿರಲಿ ಎಂಬ ನಡುವಿನ ಆಯ್ಕೆ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿದೆ. ಬರೆಯುವವರು ಹಲವರಿರುವ ತಾಣಕ್ಕೆ ಆ ಒಂದು ಆಯ್ಕೆಯೇ ಬಹಳ ಉಪಕಾರಿ.

ವಿನ್ಯಾಸದ ಅಧಿಕಾರವನ್ನು ಕೆಲವರಿಗಷ್ಟೇ ಇಟ್ಟಾಗ ಉಳಿದವರಿಗೆ ಅನುಮಾನ ಪಟ್ಟಂತೆ ಅನ್ನಿಸಬಹುದು. ಸ್ವಯಂಸೇವಕರಿಂದ ನಡೆಯುವ ಸಂಸ್ಥೆಗಳಲ್ಲಿ ಈ ನೋವು ನಿಜ. ವರ್ಷಗಟ್ಟಲೆ ದುಡಿದವರನ್ನು ಅಡ್ಮಿನ್‌ನಿಂದ ಎಡಿಟರ್‌ಗೆ ಇಳಿಸಿ, ಮಾತಾಡದೆ ಸುಮ್ಮನಿದ್ದರೆ ಅವರು ಮುನಿಸಿಕೊಳ್ಳುವುದು ನ್ಯಾಯವೇ. ಮೊದಲೇ ಕೂತು ಹೇಳಬೇಕು: ಇದು ನಿಮ್ಮ ಮೇಲಿನ ನಂಬಿಕೆಯ ಅಳತೆಯಲ್ಲ, ನಿಮ್ಮ ಕೆಲಸಕ್ಕೆ ಬೇಕಾದ ಕೀಲಿಗಳ ಪಟ್ಟಿ. ಅಧ್ಯಕ್ಷರಿಗೆ ಅಡ್ಮಿನ್ ಕೊಡಲೇಬೇಕು ಎಂಬ ರೂಢಿಯನ್ನೂ ನಾನು ಒಪ್ಪುವುದಿಲ್ಲ. ತಾಣದಲ್ಲಿ ಬರೆಯದ, ತಿದ್ದದ ಅಧ್ಯಕ್ಷರಿಗೆ ಸಬ್‌ಸ್ಕ್ರೈಬರ್ ಪಾತ್ರ ಸಾಕು. ಅವರ ಗೌರವ ಇರುವುದು ಸಭೆಯಲ್ಲಿ. ಇಡೀ ತಾಣಕ್ಕೆ ಇಬ್ಬರು ಅಡ್ಮಿನ್‌ಗಳಿರಲಿ. ಒಬ್ಬರೇ ಇದ್ದರೆ ಅವರು ಊರಿಗೆ ಹೋದ ದಿನ ತಾಣ ಕೆಟ್ಟರೆ ದಿಕ್ಕಿರುವುದಿಲ್ಲ. ಆ ಇಬ್ಬರೂ ದಿನದ ಬರವಣಿಗೆಗೆ ಎಡಿಟರ್ ಮಟ್ಟದ ಬೇರೆ ಖಾತೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಬದಲಾವಣೆ ಮಾಡಿದ ಮೇಲೆ ಅಡ್ಮಿನ್ ಖಾತೆಯಲ್ಲೇ ನೋಡಿ ಎಲ್ಲ ಸರಿಯಿದೆ ಎನ್ನಬೇಡಿ. ಅಡ್ಮಿನ್‌ಗೆ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಪರೀಕ್ಷೆಗೆಂದು ಒಂದೊಂದು ಪಾತ್ರಕ್ಕೂ ಒಂದು ಖಾತೆ ಮಾಡಿ, ಬೇರೆ ಬ್ರೌಸರಿನಲ್ಲಿ ಲಾಗಿನ್ ಆಗಿ, ಲೇಖನವೊಂದನ್ನು ಬರೆದು ನೋಡಿ. ಬಣ್ಣದ ಪೆಟ್ಟಿಗೆ ಕಾಣುತ್ತದೆಯೇ, ಮೆನು ತೆರೆಯುತ್ತದೆಯೇ, ಎಚ್‌ಟಿಎಂಎಲ್ ಬ್ಲಾಕಿನಲ್ಲಿ ಬರೆದ ಸ್ಟೈಲ್ ಉಳಿಯುತ್ತದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿ. ನೋಡಿ ಮುಗಿದ ಮೇಲೆ ಆ ಖಾತೆಗಳನ್ನು ಅಳಿಸಿ. ವಿನ್ಯಾಸದಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಗಾಬರಿ ಬೇಡ. 2023ರ ಆಗಸ್ಟ್‌ನ 6.3 ಆವೃತ್ತಿಯಿಂದ ಸ್ಟೈಲ್ಸ್ ವಿಭಾಗದಲ್ಲೂ ಹಿಂದಿನ ರೂಪಗಳ ಪಟ್ಟಿ ಸಿಗುತ್ತದೆ, ಹಿಂದಿನದಕ್ಕೆ ಮರಳಬಹುದು.

ಕೊನೆಯದಾಗಿ, ಹೊರದೇಶದ ಕನ್ನಡ ಕೂಟಗಳಿಂದ ಬರುವ ಪತ್ರಗಳಲ್ಲಿ ಕಾಣುವ ಒಂದು ವಿಷಯ. ಅಲ್ಲಿ ಕಾರ್ಯಕಾರಿ ಸಮಿತಿ ಒಂದೆರಡು ವರ್ಷಕ್ಕೆ ಬದಲಾಗುತ್ತದೆ, ವೆಬ್‌ಸೈಟಿನ ಬಳಕೆದಾರರ ಪಟ್ಟಿ ಬದಲಾಗುವುದಿಲ್ಲ. ಊರು ಬಿಟ್ಟು ಹೋದವರ, ಮರೆತೇ ಹೋದ ಇಮೇಲ್‌ಗಳ ಅಡ್ಮಿನ್ ಖಾತೆಗಳು ಹಾಗೆಯೇ ಉಳಿದಿರುತ್ತವೆ. ಹೊಸ ಸಮಿತಿ ಲೆಕ್ಕಪತ್ರ ಪಡೆಯುವ ದಿನವೇ ಈ ಪಟ್ಟಿಯನ್ನೂ ಪಡೆದು ಪರಿಶೀಲಿಸಲಿ. ಹಳಬರ ಖಾತೆ ಅಳಿಸುವಾಗ, ಅವರ ಬರಹಗಳನ್ನೂ ಅಳಿಸಬೇಕೇ ಅಥವಾ ಬೇರೆಯವರ ಹೆಸರಿಗೆ ಸೇರಿಸಬೇಕೇ ಎಂದು ವರ್ಡ್‌ಪ್ರೆಸ್ ಕೇಳುತ್ತದೆ. ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ಅವರು ಬರೆದದ್ದೆಲ್ಲ ಹೋಗುತ್ತದೆ. ಎರಡನೆಯದನ್ನು ಒತ್ತಿದರೆ ಬರಹ ಉಳಿದು ಬರೆದವರ ಹೆಸರು ಹೋಗುತ್ತದೆ. ಅಳಿಸುವ ಬದಲು ಪಾತ್ರವನ್ನು ಸಬ್‌ಸ್ಕ್ರೈಬರ್‌ಗೆ ಇಳಿಸಿ ಪಾಸ್‌ವರ್ಡ್ ಬದಲಿಸಿ. ಕೀಲಿಗಳೆಲ್ಲ ವಾಪಸ್ಸಾಗುತ್ತವೆ, ಅವರು ಬರೆದ ಲೇಖನಗಳ ಮೇಲೆ ಅವರ ಹೆಸರೇ ಇರುತ್ತದೆ.